ಚಾಂಪಿಯನ್ ಕೆಮ್ಮಿದ ಕಥೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಕ್ಷಯ ಬಂದಿತ್ತು. ಇಷ್ಟು ಚಿಕ್ಕ ಮಾತು ಬಾಯಿಂದ ಹೊರಗೆ ಬರಲು ಆಗ ಮೂರು ತಿಂಗಳು ಹಿಡಿಯಿತು. ಈಗ ಬಸ್ಸಿನಲ್ಲಿ ಪಕ್ಕದವರು ಎರಡು ಸಲ ಕೆಮ್ಮಿದರೆ ಸಾಕು, ನಾನೇ ಅವರ ಕಡೆ ತಿರುಗಿ "ಸ್ವಾಮಿ, ಎಷ್ಟು ದಿನದಿಂದ?" ಎಂದು ಶುರು ಮಾಡುತ್ತೇನೆ. ನನ್ನ ಹೆಂಡತಿ ರತ್ನಮ್ಮ ಇದೇ ಕಾರಣಕ್ಕೆ ನನ್ನ ಪಕ್ಕ ಕೂರುವುದಿಲ್ಲ. ಬಸ್ಸು ಹತ್ತಿದ ಕೂಡಲೇ ಹೆಂಗಸರ ಸೀಟು ಹುಡುಕಿಕೊಂಡು ಮುಂದೆ ಹೋಗಿಬಿಡುತ್ತಾಳೆ.

ತೊಂಬತ್ತರ ದಶಕದ ಆರಂಭದ ಮಾತು. ನಮ್ಮದು ಜಡಿಗೇನಹಳ್ಳಿ ಪಕ್ಕದ ಊರು. ರಾಗಿ, ಹಿಪ್ಪುನೇರಳೆ, ಎರಡು ಸೀಮೆಹಸು, ಅಷ್ಟೇ ನಮ್ಮ ಬದುಕು. ಬೆಳಗ್ಗೆ ಡೈರಿಗೆ ಹಾಲು ಹಾಕಿ, ಮೊದಲ ಬಸ್ಸಿಗೆ ಹೊಸಕೋಟೆಗೆ ಹೋಗಿ, ಉಸ್ತಾದ್ ಚಿಕ್ಕಹನುಮಯ್ಯನವರ ಗರಡಿಯಲ್ಲಿ ಕುಸ್ತಿ ಮಾಡಿ ಬರುತ್ತಿದ್ದೆ. ಉಸ್ತಾದರಿಗೆ ಆಗಲೇ ಅರವತ್ತು ದಾಟಿತ್ತು. ಕಿವಿಗಳೆರಡೂ ಕುಸ್ತಿಯಲ್ಲಿ ಜಜ್ಜಿ ಹುರಿದ ಹಪ್ಪಳದ ಹಾಗೆ ಮುದುಡಿಹೋಗಿದ್ದವು. ತಮಗೆ ಬೇಡವಾದ ಮಾತು ಆ ಕಿವಿಗಳಿಗೆ ಕೇಳಿಸುತ್ತಲೇ ಇರಲಿಲ್ಲ.

ಗರಡಿಯಲ್ಲಿ ಎರಡು ಕಟ್ಟುಪಾಡುಗಳಿದ್ದವು. ಒಂದು, ಗೋಡೆಗೆ ಕಿಟಕಿ ಇಡಬಾರದು. ಬಗ್ಗಿ ನುಗ್ಗಬೇಕಾದ ಒಂದು ಗಿಡ್ಡ ಬಾಗಿಲು ಮಾತ್ರ. ಹೊರಗಿನವರ ಕಣ್ಣು ಪೈಲ್ವಾನರ ಮೈಮೇಲೆ ಬೀಳಬಾರದು ಎಂದು ಹಾಗೆ. ಇನ್ನೊಂದು ಹಾಲಿನ ಚೊಂಬಿನದು. ತಾಲೀಮು ಮುಗಿದ ಮೇಲೆ ದೊಡ್ಡ ಹಿತ್ತಾಳೆ ಚೊಂಬಿನಲ್ಲಿ ಬಾದಾಮಿ ಹಾಲು ಬರುತ್ತಿತ್ತು. ನಮ್ಮ ಕಡೆ ಯಾರ ಮನೆಯಲ್ಲೇ ಆಗಲಿ, ಚೊಂಬು ಕೊಟ್ಟರೆ ತುಟಿಗೆ ತಾಗಿಸದೆ ಎತ್ತಿ ಕುಡಿಯುವುದು ಮರ್ಯಾದೆ. ಗರಡಿಯಲ್ಲಿ ಮಾತ್ರ ತದ್ವಿರುದ್ಧ, ಕಚ್ಚಿಯೇ ಕುಡಿಯಬೇಕು. "ಮೈಗೆ ಮೈ ತಾಗ್ಸಿ ಮಣ್ಣಲ್ಲಿ ಹೊರಳಾಡ್ತೀರಿ, ಬಾಯಿ ತಾಗ್ಸೋಕೆ ನಾಚಿಕೆನಾ? ಎತ್ತಿ ಕುಡಿಯೋನು ನನ್ನ ಗರಡೀಲಿ ಇರೋದು ಬ್ಯಾಡ" ಎನ್ನುತ್ತಿದ್ದರು ಉಸ್ತಾದ್. ಯಾವ ಜಾತಿ, ಯಾವ ಮನೆ ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಗೆದ್ದವನು ಮೊದಲು ಕುಡಿದು ಮುಂದಿನವನಿಗೆ ದಾಟಿಸುವುದು. ಹನ್ನೊಂದು ಜನ, ಒಂದೇ ಚೊಂಬು.

ಆ ಕಾಲಕ್ಕೆ ಹೊಸಕೋಟೆಯ ವಿಡಿಯೋ ಅಂಗಡಿಗಳಲ್ಲಿ ಕರಾಟೆ ಸಿನಿಮಾಗಳದ್ದೇ ಹಾವಳಿ. ಟೀ ಅಂಗಡಿಯಲ್ಲಿ ದಿನವೂ "ಕುಸ್ತಿ ಹೆಚ್ಚೋ ಕರಾಟೆ ಹೆಚ್ಚೋ" ಎಂದು ಜಗಳ. ಕೊನೆಗೆ ಯುವಕ ಸಂಘದವರು ಒಂದು ಅಖಾಡ ಕಟ್ಟಿ, "ಮಿಶ್ರ ಕಾಳಗ" ಎಂದು ಹೆಸರಿಟ್ಟು, ಒದೆಯುವವನು ಒದೆಯಲಿ, ಹಿಡಿಯುವವನು ಹಿಡಿಯಲಿ, ಕಣ್ಣಿಗೂ ಮಾನಕ್ಕೂ ಕೈ ಹಾಕಬಾರದು ಎಂದು ಕಾನೂನು ಮಾಡಿದರು. ಕರಾಟೆಯ ಕಡೆಯಿಂದ ಬಂದವನು ದೊಡ್ಡಬಳ್ಳಾಪುರದ ವೆಂಕಟೇಶ. ಹಗಲು ಪವರ್‌ಲೂಮಿನಲ್ಲಿ ಸೀರೆ ನೇಯುತ್ತಿದ್ದ, ಸಂಜೆ ಮಕ್ಕಳಿಗೆ ಕರಾಟೆ ಹೇಳಿಕೊಡುತ್ತಿದ್ದ. ಎಲ್ಲರೂ ಮಾಸ್ಟರ್ ಎನ್ನುತ್ತಿದ್ದರು. ಕುಸ್ತಿಯ ಕಡೆಯಿಂದ ನಾನು, ಮುನಿರಾಜು.

ಮಾಸ್ಟರ್ ಬಿಳಿ ಬಟ್ಟೆ ತೊಟ್ಟು ಬಂದು, ಬಗ್ಗಿ ನಮಸ್ಕರಿಸಿ, "ಹಾ!" ಎಂದು ಕಿರುಚಿದ. ಮುಟ್ಟುವುದಕ್ಕೆ ಮುಂಚೆಯೇ ಕಿರುಚುವವರನ್ನು ನಾನು ಕಂಡಿರಲಿಲ್ಲ. ಪಾಪ, ಅವನ ಪೂಜೆ ಮುಗಿಯಲಿ ಎಂದು ಕೈಕಟ್ಟಿ ನಿಂತಿದ್ದೆ. ಆ ಗ್ಯಾಪಿನಲ್ಲಿ ಕಿವಿಯ ಮೇಲೆ ಒದೆ ಬಿತ್ತು. ಆಮೇಲೆ ಇನ್ನೂ ಎಂಟು ಒದೆ ತಿಂದೆ. ಹತ್ತನೆಯದು ಬಂದಾಗ ಕಾಲು ಸಿಕ್ಕಿತು. ಸಿಕ್ಕಿದ್ದನ್ನು ಬಿಡಬೇಡ ಎಂದು ಉಸ್ತಾದ್ ಹೇಳಿಕೊಟ್ಟಿದ್ದರು, ಬಿಡಲಿಲ್ಲ. ಅವನನ್ನು ಕೆಡವಿ ಮೇಲೆ ಕೂತು, ಮೂಗಿಗೆ ಮೂಗು ತಾಗಿಸಿ, ಇಬ್ಬರೂ ಹತ್ತು ನಿಮಿಷ ಒಬ್ಬರ ಉಸಿರು ಒಬ್ಬರು ಕುಡಿದೆವು. ಕೊನೆಗೆ ಅವನು ಸೋತೆ ಎಂದು ಮಣ್ಣು ತಟ್ಟಿದ.

ಅಲ್ಲಿಂದ ನಾನು ಚಾಂಪಿಯನ್. ಆಮೇಲೆ ಬೆಂಗಳೂರಿನ ಒಬ್ಬ ಬಾಕ್ಸರನ್ನೂ ಕೋಲಾರದ ಕಡೆಯ ಇಬ್ಬರು ಜಟ್ಟಿಗಳನ್ನೂ ಕೆಡವಿದೆ. ಕ್ಷೌರದಂಗಡಿ ಗೋವಿಂದಪ್ಪ ನನ್ನ ಫೋಟೋ ತೂಗುಹಾಕಿ, ನನ್ನ ಗಡ್ಡವನ್ನು ಪುಕ್ಕಟೆ ಹೆರೆಯತೊಡಗಿದ. ಅನುಗೊಂಡನಹಳ್ಳಿಯಲ್ಲಿದ್ದ ನನ್ನ ಅತ್ತೆ, ಮದುವೆಯಾದಾಗಿನಿಂದ "ಆ ಮಣ್ಣಾಡೋನು" ಎನ್ನುತ್ತಿದ್ದವರು, "ನಮ್ಮ ಅಳಿಯಂದಿರು" ಎನ್ನುವಂತಾದರು. ಕೀರ್ತಿಯ ಹಿಂದೆಯೇ ತಕರಾರುಗಳೂ ಬಂದವು. ಮುನಿರಾಜು ಮೈಗೆ ಹರಳೆಣ್ಣೆ ಬಳಿದುಕೊಂಡು ಬಂದಿದ್ದ ಎಂದು ದೊಡ್ಡಬಳ್ಳಾಪುರದವರು ಗೋಡೆಯ ಮೇಲೆ ಬರೆದರು. ಎಣ್ಣೆ ಇದ್ದದ್ದು ನಿಜ, ಆದರೆ ಅದು ಹಿಂದಿನ ದಿನದ ಎಣ್ಣೆಸ್ನಾನದ್ದು. ಮಾಸ್ಟರನ ಕರಿ ಬೆಲ್ಟು ಕಿತ್ತು ಅವಮಾನ ಮಾಡಿದೆ ಎಂದೂ ಕೂಗಾಡಿದರು. ನಾನು ಹಿಡಿದದ್ದು ಅವನ ಸೊಂಟ, ಕೈಗೆ ಬಂದದ್ದು ಬೆಲ್ಟು. ನಾನೇನು ಮಾಡಲಿ? ಕೊನೆಗೆ ಇಬ್ಬರಿಗೂ ಇನ್ನೊಂದು ಕಾಳಗ ಆಗಲಿ ಎಂದು ದಿನ ಗೊತ್ತುಮಾಡಿ, ಪೋಸ್ಟರ್ ಅಂಟಿಸಿದರು.

ಕೆಮ್ಮು ಶುರುವಾದದ್ದು ಆಗಲೇ. ಗಂಟಲಿಗೆ ಅಖಾಡದ ಮಣ್ಣು ಹೋಗಿದೆ ಎಂದರು ಉಸ್ತಾದ್. ಮೆಣಸಿನ ಕಷಾಯ ಕುಡಿಸಿದರು. ತೂಕ ಇಳಿಯಿತು. ಕಣ್ಣು ಬಿದ್ದಿದೆ ಎಂದು ನೀವಾಳಿಸಿ, ದಿನಕ್ಕೆ ಆರಿದ್ದ ಮೊಟ್ಟೆಯನ್ನು ಹತ್ತು ಮಾಡಿದರು. ಸಂಜೆಯಾದರೆ ಸಣ್ಣ ಜ್ವರ. ಮೈಯಲ್ಲಿ ಶಕ್ತಿ ಉಕ್ಕಿದರೆ ಹಾಗೇ ಬಿಸಿಯಾಗುತ್ತದೆ ಎಂದು ಕಾಲುಸೂಪು ತರಿಸಿದರು. ನಾನೂ ನಂಬಿದೆ. ಕ್ಷಯ ಬರುವುದು ಬಡಕಲು ಕವಿಗಳಿಗೆ, ಇಲ್ಲ ಬೀಡಿ ಕಟ್ಟುವವರಿಗೆ ಎಂದು ನಾವೆಲ್ಲ ತಿಳಿದಿದ್ದೆವು. ಹತ್ತು ಮೊಟ್ಟೆ ತಿನ್ನುವವನ ಎದೆಗೆ ಬರುವಷ್ಟು ಧೈರ್ಯ ಯಾವ ಕಾಯಿಲೆಗಿದೆ?

ಕಾಳಗಕ್ಕೆ ಒಂದು ವಾರ ಇರುವಾಗ, ಬಚ್ಚಲಲ್ಲಿ ಹಲ್ಲುಜ್ಜುತ್ತಾ ಕೆಮ್ಮಿದೆ. ಕಫದಲ್ಲಿ ರಕ್ತ ಕಂಡಿತು. ಅಖಾಡದಲ್ಲಿ ನನ್ನ ರಕ್ತ ಬೇಕಾದಷ್ಟು ಸಲ ನೋಡಿದ್ದೇನೆ, ಒಮ್ಮೆಯೂ ಯಾರನ್ನೂ ಕೂಗಿರಲಿಲ್ಲ. ಅವತ್ತು ಹೆಂಡತಿಯನ್ನು ಕೂಗಿದೆ. ರತ್ನಮ್ಮ ಬಂದು ನೋಡಿದಳು. ಅಳಲಿಲ್ಲ.

"ನಡೀರಿ ಆಸ್ಪತ್ರೆಗೆ" ಎಂದಳು.

"ಹೊಸಕೋಟೆ ಆಸ್ಪತ್ರೇಲಿ ಎಲ್ರೂ ನನ್ನ ಗುರುತು ಹಿಡೀತಾರೆ ಕಣೇ."

"ಹಂಗಾದ್ರೆ ದೊಡ್ಡಬಳ್ಳಾಪುರ?"

"ಅದು ಶತ್ರುವಿನ ಊರು!"

ಎರಡಕ್ಕೂ ನಡುವೆ ಇರುವ ಊರು ದೇವನಹಳ್ಳಿ. ಅಲ್ಲಿ ನನ್ನನ್ನು ಯಾರು ಬಲ್ಲರು ಎಂದು ಲೆಕ್ಕ ಹಾಕಿ, ಬೇಸಗೆಯಲ್ಲಿ ಮಫ್ಲರ್ ಸುತ್ತಿಕೊಂಡು ಹೊರಟೆ. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ತೆಗೆಯಲು ಒಂದು ಪುಟ್ಟ ಡಬ್ಬಿ ಕೊಟ್ಟರು. ಮೂರು ತಿಂಗಳಿಂದ ನಿಲ್ಲದೆ ಬರುತ್ತಿದ್ದ ಕೆಮ್ಮು ಡಬ್ಬಿ ಕೈಗೆ ಬಂದ ಕೂಡಲೇ ನಾಚಿ ನಿಂತುಹೋಯಿತು. ಬೇವಿನ ಮರದ ಹಿಂದೆ ಹೋಗಿ, ಹತ್ತು ಬಸ್ಕಿ ಹೊಡೆದು, ಆಮೇಲೆ ಡಬ್ಬಿ ತುಂಬಿಸಿದೆ. ಎಕ್ಸ್‌ರೇಯವನು "ಎದೆ ಅಗಲ ಐತಲ್ಲಪ್ಪಾ, ಪ್ಲೇಟ್ ಸಾಲಲ್ಲ" ಎಂದ. ಆ ಸಂಕಟದಲ್ಲೂ ಹೆಂಡತಿಗೆ ಕೇಳಿಸಿತೋ ಇಲ್ಲವೋ ಎಂದು ಬಾಗಿಲ ಕಡೆ ತಿರುಗಿ ನೋಡಿದೆ.

ಬೆಂಚಿನ ಮೇಲೆ ಕಾಯುತ್ತಾ ಕೂತಾಗ, ಪಕ್ಕದಲ್ಲಿ ಹೆಲ್ಮೆಟ್ ತೆಗೆಯದೆ ಕೂತ ಒಬ್ಬ ಮನುಷ್ಯನಿದ್ದ. ಒಳಗಿನಿಂದ ಕೆಮ್ಮು ಬಂದಾಗಲೆಲ್ಲ ಹೆಲ್ಮೆಟ್ಟು ಗಡಗಡ ಎನ್ನುತ್ತಿತ್ತು. ನರ್ಸಮ್ಮ ಬಂದು "ಅದನ್ನ ತೆಗೀರಿ, ಇಲ್ಲೇನು ಗಾಡಿ ಓಡಿಸ್ತಿದೀರಾ?" ಎಂದು ಗದರಿದರು. ತೆಗೆದ. ಮಾಸ್ಟರ್ ವೆಂಕಟೇಶ!

ಇಬ್ಬರೂ ಎದ್ದು ನಿಂತುಬಿಟ್ಟೆವು. ಅವನ ಕೈ ತಾನಾಗಿ ಕರಾಟೆಯ ವರಸೆಗೆ ಹೋಯಿತು, ನನ್ನದು ಪಟ್ಟು ಹಾಕಲು ಹೋಯಿತು. ಅಷ್ಟರಲ್ಲಿ ಇಬ್ಬರಿಗೂ ಒಟ್ಟಿಗೆ ಕೆಮ್ಮು ಬಂದು, ಬೆಂಚು ಹಿಡಿದು ಕೂತೆವು.

"ಪೈಲ್ವಾನ್ರೇ, ನೀವಿಲ್ಲಿ?"

"ನೀನ್ಯಾಕೆ ಇಲ್ಲಿ?"

"ಹೊಸಕೋಟೆಗೆ ಹೋದ್ರೆ ನಿಮ್ಮೋರು ನೋಡ್ತಾರೆ, ನಮ್ಮೂರಲ್ಲಿ ನಮ್ಮೋರು ನೋಡ್ತಾರೆ. ಅದ್ಕೇ ಮಧ್ಯದೂರು ಅಂತ ಬಂದೆ ಗುರು."

ಡಾಕ್ಟರಮ್ಮ ಗಿಡ್ಡಗೆ ತೆಳ್ಳಗಿದ್ದರು, ಗದರಿದರೆ ಮಾತ್ರ ಉಸ್ತಾದರನ್ನೂ ಮೀರಿಸುವ ಗಂಟಲು. ಇಬ್ಬರಿಗೂ ಕ್ಷಯ ಎಂದರು. ಎಂಟು ತಿಂಗಳು ಮಾತ್ರೆ, ಒಂದು ದಿನವೂ ತಪ್ಪಿಸುವಂತಿಲ್ಲ, ಗುಣವಾಗುತ್ತೆ ಎಂದರು. ನನಗೆ ಕೊನೆಯ ಮಾತು ಕೇಳಿಸಲೇ ಇಲ್ಲ. ಸತ್ತೆ ಎಂದುಕೊಂಡೆ. ಮಾಸ್ಟರ್ ಮಾತ್ರ "ಮೇಡಂ, ಇವ್ರೇ ನಂಗೆ ಅಂಟಿಸಿರೋದು, ಅವತ್ತು ಮೇಲೆ ಕೂತು ಮುಖಕ್ಕೇ ಉಸಿರು ಬಿಟ್ರು" ಎಂದು ದೂರು ಕೊಟ್ಟ.

"ಇವ್ನೇ ನಂಗೆ ಅಂಟಿಸಿದ್ದು ಮೇಡಂ! 'ಹಾ' ಅಂತ ಬಾಯಿ ತೆಗೆದು ಕಿರುಚಿದ್ನಲ್ಲ!"

"ಅದನ್ನ ತೀರ್ಮಾನ ಮಾಡೋಕೆ ನಾನೇನು ರೆಫ್ರಿನಾ?" ಎಂದರು ಡಾಕ್ಟರಮ್ಮ. "ನಿಮ್ಮ ಮನೆಯೋರು, ಜೊತೇಲಿ ತಾಲೀಮು ಮಾಡೋರು, ಎಲ್ರನ್ನೂ ಪರೀಕ್ಷೆಗೆ ಕರ್ಕೊಂಡು ಬನ್ನಿ."

ಹೂಂ ಎಂದೆ. ರತ್ನಮ್ಮನನ್ನೂ ಅವ್ವನನ್ನೂ ಕರೆತಂದೆ, ಅವರಿಗೆ ಏನೂ ಇರಲಿಲ್ಲ. ಗರಡಿಯವರಿಗೆ ಮಾತ್ರ ಹೇಳಲಿಲ್ಲ. ಸೊಂಟ ಹಿಡಿದಿದೆ ಎಂದು ಸುಳ್ಳು ಹೇಳಿ ಗರಡಿಗೆ ಹೋಗುವುದು ಬಿಟ್ಟೆ. ನಾನು ದೂರ ಇದ್ದರೆ ಸಾಕಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜವಾಗಿ ನನಗಿದ್ದದ್ದು ಹೆದರಿಕೆ. ಹೊಸಕೋಟೆಯ ಹುಲಿಗೆ ಕ್ಷಯವಂತೆ ಎಂದು ಟೀ ಅಂಗಡಿಯಲ್ಲಿ ಆಡಿಕೊಳ್ಳುವುದನ್ನು ನೆನೆದಾಗಲೆಲ್ಲ ಮಫ್ಲರನ್ನು ಇನ್ನೊಂದು ಸುತ್ತು ಸುತ್ತಿಕೊಳ್ಳುತ್ತಿದ್ದೆ.

ಕಾಳಗದ ದಿನ ನಾನೂ ಹೋಗಲಿಲ್ಲ, ಮಾಸ್ಟರನೂ ಹೋಗಲಿಲ್ಲ. ಜನ ಬಿಸಿಲಲ್ಲಿ ಕೂತು, ಕಡಲೆಕಾಯಿ ತಿಂದು, ಕೊನೆಗೆ ಸಿಪ್ಪೆಯನ್ನೆಲ್ಲ ಯುವಕ ಸಂಘದವರ ಮೇಲೆ ಎಸೆದು ಎದ್ದುಹೋದರಂತೆ. ಒಬ್ಬ ಬರದಿದ್ದರೆ ಹೇಡಿ ಎನ್ನುತ್ತಿದ್ದರು. ಇಬ್ಬರೂ ಬರದಿದ್ದರೆ? ಒಳಒಪ್ಪಂದ ಎಂದರು. ಮೊದಲ ಕಾಳಗವೂ ಮಾತಾಡಿಕೊಂಡು ಮಾಡಿದ ನಾಟಕವೇ ಎಂದರು.

ಮನೆಯಲ್ಲಿ ನನ್ನ ಲೋಟ ಬೇರೆಯಾಯಿತು, ತಟ್ಟೆ ಬೇರೆಯಾಯಿತು. ಹಾಗೆ ಮಾಡಿದ್ದು ಅವ್ವ. ನನ್ನ ತಟ್ಟೆಯನ್ನು ತೊಳೆದು ದನದ ಕೊಟ್ಟಿಗೆಯ ಗೂಡಿನಲ್ಲಿ ಇಡುತ್ತಿದ್ದಳು, ಆಮೇಲೆ ಯಾರಿಗೂ ಕಾಣದ ಹಾಗೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ರೋಗ ಹರಡೋದು ಕೆಮ್ಮಿನ ಗಾಳಿಯಿಂದ, ಲೋಟದಿಂದ ಅಲ್ಲ ಎಂದು ಡಾಕ್ಟರಮ್ಮ ಹೇಳಿದ್ದರೂ ಅವ್ವ ಕೇಳಲಿಲ್ಲ. ರತ್ನಮ್ಮ ಹಟಕ್ಕೆ ನನ್ನ ಲೋಟದಲ್ಲೇ ಕಾಫಿ ಕುಡಿಯಲು ಬಂದರೆ ನಾನೇ ಕಿತ್ತುಕೊಳ್ಳುತ್ತಿದ್ದೆ. ಯಾರ ಮನೆಗೆ ಹೋದರೂ, ನೀರು ಕೊಟ್ಟರೆ ತುಟಿಯಿಂದ ಒಂದು ಗೇಣು ಮೇಲೆತ್ತಿ ಕುಡಿಯುವುದು ಅಭ್ಯಾಸವಾಯಿತು.

ಮೊದಲ ದಿನ ಆ ಕೆಂಪು ಗುಳಿಗೆ ನುಂಗಿ ತೋಟದ ಬದುವಿಗೆ ಹೋದವನು, "ರತ್ನಾ, ರಕ್ತ ಹೋಯ್ತಾ ಇದೆ!" ಎಂದು ಕಿರುಚಿಕೊಂಡು ಓಡಿ ಬಂದೆ. ಉಚ್ಚೆ ಕಿತ್ತಳೆ ಕೆಂಪು. ಗುಳಿಗೆಯ ಬಣ್ಣ ಅದು, ಹೆದರಬೇಡಿ ಎಂದು ನರ್ಸಮ್ಮ ಮೊದಲೇ ಹೇಳಿದ್ದರಂತೆ. ರತ್ನಮ್ಮ ಕೇಳಿಸಿಕೊಂಡಿದ್ದಳು, ನಾನು ಆಗ ಸಾಯುವುದರಲ್ಲಿ ಮುಳುಗಿದ್ದೆ.

ತಿಂಗಳಿಗೊಮ್ಮೆ ಮಾತ್ರೆಗೆ ದೇವನಹಳ್ಳಿಗೆ ಹೋಗಬೇಕಿತ್ತು. ಮಾಸ್ಟರನೂ ಅದೇ ದಿನ ಬರುತ್ತಿದ್ದ. ನಿಜವಾದ ಎರಡನೇ ಕಾಳಗ ನಡೆದದ್ದು ಅಲ್ಲಿನ ತೂಕದ ಯಂತ್ರದ ಮೇಲೆ. ಮೊದಲ ತಿಂಗಳು ಅವನು ಎರಡು ಕೆ.ಜಿ. ಏರಿದ್ದ, ನಾನು ಒಂದೂವರೆ. ಎರಡನೇ ತಿಂಗಳು ನಾನು ಮೂರು ಏರಿ ಅವನನ್ನು ಕೆಡವಿದೆ. "ಜೇಬಲ್ಲಿ ಕಲ್ಲು ಇಟ್ಕೊಂಡು ಬಂದವ್ರೆ, ಚೆಕ್ ಮಾಡಿ ಮೇಡಂ" ಎಂದು ಅವನು ತಕರಾರು ತೆಗೆದ. ಮಾತ್ರೆ ನುಂಗಿದರೆ ವಾಕರಿಕೆ ಬರುತ್ತಿತ್ತು, ಎಷ್ಟೋ ದಿನ ಬಿಸಾಕಿಬಿಡೋಣ ಎನ್ನಿಸುತ್ತಿತ್ತು. ಆದರೆ ಆ ನೇಕಾರ ನನಗಿಂತ ಮೊದಲು ಗುಣವಾಗಿಬಿಟ್ಟರೆ ಎಂಬ ಒಂದೇ ಹೊಟ್ಟೆಕಿಚ್ಚಿನಿಂದ ನುಂಗಿದೆ. ಅವನು ನನ್ನ ಪ್ರಾಣ ಉಳಿಸಿದ ಎಂದು ಈಗಲೂ ಅವನೆದುರು ಒಪ್ಪಿಕೊಳ್ಳುವುದಿಲ್ಲ.

ಮೂರನೇ ತಿಂಗಳು ತೂಕ ಸರಿಸಮ ಬಂತು. ಖುಷಿಗೆ ಬಸ್‌ಸ್ಟ್ಯಾಂಡಿನ ಬೇಕರಿಯಲ್ಲಿ ಇಬ್ಬರೂ ಕೂತು ಬನ್ನು ತಿಂದೆವು. ಮಾಸ್ಟರ್ ನನ್ನ ಹೆಗಲ ಮೇಲೆ ಕೈಹಾಕಿ ನಗುತ್ತಿದ್ದ. ತಲೆಯೆತ್ತಿ ನೋಡಿದರೆ ಎದುರಿಗೆ ಕ್ಷೌರದಂಗಡಿ ಗೋವಿಂದಪ್ಪ! ಯಾವುದೋ ಮದುವೆಗೆ ಬಂದವನು, ಬಾಯಿ ತೆರೆದುಕೊಂಡು ನಮ್ಮಿಬ್ಬರನ್ನೂ ನಮ್ಮ ಬನ್ನನ್ನೂ ನೋಡುತ್ತಾ ನಿಂತಿದ್ದ. ಹಾಗೇ ಬಸ್ಸು ಹತ್ತಿಹೋದ.

ಮಾರನೆಯ ದಿನದ ಹೊತ್ತಿಗೆ ಹೊಸಕೋಟೆಗೆಲ್ಲ ಸುದ್ದಿ. ಗೋವಿಂದಪ್ಪ ನನ್ನ ಫೋಟೋ ಇಳಿಸಿದನಂತೆ. ಉಸ್ತಾದರಿಂದ ಕರೆ ಬಂತು, ಗರಡಿಗೆ ಬಂದು ಆಂಜನೇಯನ ಮುಂದೆ ಪ್ರಮಾಣ ಮಾಡಬೇಕು ಎಂದು.

ಹೋದೆ. ಬಾಗಿಲಲ್ಲಿ ಬಗ್ಗಿ ಒಳಗೆ ಕಾಲಿಟ್ಟೆ. ಆ ಕತ್ತಲು, ಆ ಬೆವರಿನ ವಾಸನೆ, ಕೆಮ್ಮಣ್ಣಿನ ತಂಪು. ಹತ್ತೂ ಜನ ಗೋಡೆಗೊರಗಿ ಕೂತಿದ್ದರು. ಉಸ್ತಾದ್ ಆಂಜನೇಯನ ಪಟದ ಮುಂದೆ ಕರ್ಪೂರ ಹಚ್ಚಿಟ್ಟಿದ್ದರು.

"ಲೇ ಮುನಿ, ಆ ದೊಡ್ಡಬಳ್ಳಾಪುರದೋನ ಜೊತೆ ಒಪ್ಪಂದ ಮಾಡ್ಕೊಂಡಿದ್ಯಾ ಇಲ್ವಾ? ಕರ್ಪೂರ ಮುಟ್ಟಿ ಹೇಳ್ಲಾ."

ಆ ಕ್ಷಣಕ್ಕೆ ನನ್ನ ತಲೆಯಲ್ಲಿ ಓಡಿದ್ದನ್ನು ನಾಚಿಕೆ ಬಿಟ್ಟು ಬರೆಯುತ್ತೇನೆ. ಮಾಡಿಕೊಂಡಿದ್ದೆ ಎಂದುಬಿಡಲೇ ಎನ್ನಿಸಿತು. ಮೋಸಗಾರ ಎಂದು ಉಗಿಯುತ್ತಾರೆ, ಒಂದು ವರ್ಷಕ್ಕೆ ಮರೆಯುತ್ತಾರೆ. ಕ್ಷಯದವನು ಎಂದರೆ ಮರೆಯುವುದಿಲ್ಲ. ಬಾಯಿ ತೆರೆದೆ. ಅಷ್ಟರಲ್ಲಿ ಮೂಲೆಯಿಂದ ಕೆಮ್ಮು ಕೇಳಿಸಿತು.

ನಾಗರಾಜ. ಅಖಾಡದಲ್ಲಿ ನನ್ನ ಜೋಡಿ ಅವನು. ಚೊಂಬು ನನ್ನ ಕೈಯಿಂದ ಯಾವಾಗಲೂ ಅವನ ಕೈಗೇ ಹೋಗುತ್ತಿತ್ತು. ಆ ಕೆಮ್ಮು ನನಗೆ ಚೆನ್ನಾಗಿ ಗೊತ್ತು. ಅವನ ಕೆನ್ನೆ ಒಳಗೆ ಹೋಗಿತ್ತು, ಪಕ್ಕದಲ್ಲಿ ಮೆಣಸಿನ ಕಷಾಯದ ಲೋಟ ಇತ್ತು.

"ಎಷ್ಟು ದಿನದಿಂದ ನಾಗ?" ಎಂದೆ.

"ಎರಡು ತಿಂಗಳಾಯ್ತು ಕಣೋ. ಮಣ್ಣು ಹೋಗೈತೆ ಗಂಟ್ಲಿಗೆ."

"ಮೊಟ್ಟೆ ಹತ್ತು ಮಾಡ್ಸಿದೀನಿ, ಸರಿಹೋಯ್ತದೆ" ಎಂದರು ಉಸ್ತಾದ್.

ಕರ್ಪೂರ ಮುಟ್ಟಿದೆ. "ಉಸ್ತಾದ್, ನಂಗೆ ಕ್ಷಯ. ಮಾಸ್ಟರ್‌ಗೂ ಕ್ಷಯ. ಅದ್ಕೇ ಅವತ್ತು ಬರ್ಲಿಲ್ಲ. ನಾಗಂಗೆ ಮೊಟ್ಟೆ ಬೇಡ, ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ನೀವೆಲ್ರೂ ಬರ್ಬೇಕು. ಮೂರು ತಿಂಗಳ ಹಿಂದೇನೇ ಹೇಳ್ಬೇಕಿತ್ತು. ಹೆದ್ರಿಬಿಟ್ಟೆ."

ಒಂದೇ ಪಟ್ಟಿಗೆ ಒಂಬತ್ತು ಜಟ್ಟಿಗಳನ್ನು ಕೆಡವಿದ್ದು ನಾನು ಅದೊಂದೇ ಸಲ. ಎಲ್ಲರೂ ಎದ್ದು ಆ ಗಿಡ್ಡ ಬಾಗಿಲ ಕಡೆ ನುಗ್ಗಿದರು. ಒಂದು ಸಲಕ್ಕೆ ಒಬ್ಬನೇ ಬಗ್ಗಿ ಹೋಗಬಹುದಾದ ಬಾಗಿಲು. ಮೂರು ಜನ ಅದರಲ್ಲಿ ಸಿಕ್ಕಿಹಾಕಿಕೊಂಡು, ಹಿಂದಿನವರು ದಬ್ಬಿ, ಮುಂದಿನವರು ಬೈದು, ಅಲ್ಲೇ ಒಂದು ಕುಸ್ತಿ ಆಗಿಹೋಯಿತು. ಕಾಲು ಕದಲಿಸದೆ ಇದ್ದವರು ಉಸ್ತಾದ್ ಮತ್ತು ನಾಗರಾಜ ಇಬ್ಬರೇ. ಉಸ್ತಾದ್ ನಾಗರಾಜನ ಪಕ್ಕದಲ್ಲಿದ್ದ ಕಷಾಯವನ್ನು ಮಣ್ಣಿಗೆ ಚೆಲ್ಲಿ, "ಏಳ್ಲಾ ಮಗಾ" ಎಂದು ಅವನ ರಟ್ಟೆ ಹಿಡಿದು ಎಬ್ಬಿಸಿದರು. ನನ್ನ ಕಡೆ ನೋಡಲೇ ಇಲ್ಲ. ಅವರ ಬೈಗುಳಕ್ಕಿಂತ ಅದು ಹೆಚ್ಚು ನೋಯಿಸಿತು.

ಎರಡು ದಿನಕ್ಕೆ ಇಡೀ ಗರಡಿ ದೇವನಹಳ್ಳಿಯ ಆಸ್ಪತ್ರೆಯ ಬೇವಿನ ಮರದ ಹಿಂದೆ ಡಬ್ಬಿ ಹಿಡಿದು ಬಸ್ಕಿ ಹೊಡೆಯುತ್ತಿತ್ತು. ನಾಗರಾಜನಿಗೆ ಕ್ಷಯ ಇತ್ತು. ಉಳಿದವರೆಲ್ಲ ಪಾರು. ಡಾಕ್ಟರಮ್ಮ ಗರಡಿಗೆ ಕಿಟಕಿ ಇದೆಯೇ ಎಂದು ಕೇಳಿದರು. ಇಲ್ಲ, ಕಣ್ಣು ಬೀಳುತ್ತೆ ಎಂದರು ಉಸ್ತಾದ್.

"ಕಣ್ಣು ಬಿದ್ರೆ ನೀವು ನಿಂಬೆಹಣ್ಣು ಕಟ್ತೀರಿ. ಗಾಳಿ ಇಲ್ದಿದ್ರೆ ನಾನು ಏನು ಕಟ್ಲಿ?"

ಬೇಡವಾದ ಮಾತು ಕೇಳಿಸದ ಆ ಕಿವಿಗೆ ಇದು ಕೇಳಿಸಿತು. ಮುಂದಿನ ವಾರ ತಾವೇ ಗುದ್ದಲಿ ಹಿಡಿದು ಗೋಡೆ ಒಡೆದು ಎರಡು ಕಿಟಕಿ ಇಟ್ಟರು. ಎರಡಕ್ಕೂ ಒಂದೊಂದು ನಿಂಬೆಹಣ್ಣು ಕಟ್ಟಿದರು. ಇದನ್ನೆಲ್ಲ ನನಗೆ ಹೇಳಿದವನು ನಾಗರಾಜ. ನನ್ನನ್ನು ಗರಡಿಗೆ ಯಾರೂ ಕರೆಯಲಿಲ್ಲ. ಊರಲ್ಲಿ ಕೆಲವರು ನನ್ನ ಹಾಲನ್ನು ಡೈರಿಯಲ್ಲಿ ಬೇರೆ ಕ್ಯಾನಿಗೆ ಹಾಕಿ ಎಂದರು. ಗೋವಿಂದಪ್ಪ ಮಾತ್ರ ಮನೆಯ ತನಕ ಬಂದು, ತಪ್ಪಾಯ್ತು ಪೈಲ್ವಾನ್ರೇ ಎಂದು, ನಮ್ಮ ಜಗುಲಿಯಲ್ಲೇ ಕೂರಿಸಿ ಗಡ್ಡ ಹೆರೆದ. ಕಾಯಿಲೆಯಲ್ಲಿ ಮುಖವನ್ನು ಹೆಂಡತಿ ಬಿಟ್ಟು ಇನ್ನೊಬ್ಬರು ಮುಟ್ಟಿದರೆ ಎಷ್ಟು ಹಿತ ಎಂದು ಆವತ್ತು ತಿಳಿಯಿತು. ಸೋಪಿನ ನೊರೆ ಇತ್ತು, ಹಾಗಾಗಿ ನಾನು ಅತ್ತದ್ದು ಅವನಿಗೆ ಕಾಣಲಿಲ್ಲ.

ಎಂಟು ತಿಂಗಳು ಮುಗಿಯಿತು. ನನಗೂ ಮಾಸ್ಟರ್‌ಗೂ ಒಂದೇ ದಿನ ಗುಣವಾಯಿತು ಎಂದು ಚೀಟಿ ಬರೆದುಕೊಟ್ಟರು. ಕೊನೆಯ ತೂಕದಲ್ಲಿ ಅವನು ನನ್ನನ್ನು ಅರ್ಧ ಕೆ.ಜಿ.ಯಿಂದ ಸೋಲಿಸಿದ, ಇವತ್ತಿಗೂ ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ. ಶೂ ಬಿಚ್ಚಿರಲಿಲ್ಲ ಅವನು.

ಮಾರನೆಯ ಬೆಳಗ್ಗೆ ಚೀಟಿ ಜೇಬಿನಲ್ಲಿಟ್ಟುಕೊಂಡು ಗರಡಿಗೆ ಹೋದೆ. ತೋರಿಸಿ ಬಂದುಬಿಡೋಣ, ಅಷ್ಟೇ ಸಾಕು ಎಂದುಕೊಂಡಿದ್ದೆ. ಒಳಗೆ ಬಿಸಿಲು ಬಿದ್ದಿತ್ತು. ಅಷ್ಟು ವರ್ಷ ಹೊರಳಾಡಿದ ಆ ಮಣ್ಣು ಅಷ್ಟು ಕೆಂಪಗಿದೆ ಎಂದು ನಾನು ನೋಡಿದ್ದೇ ಅವತ್ತು. ತಾಲೀಮು ಮುಗಿದಿತ್ತು. ಎಲ್ಲರೂ ಸಾಲಾಗಿ ಕೂತಿದ್ದರು, ನಾಗರಾಜನೂ ಇದ್ದ. ಚೀಟಿ ಚಾಚಿದೆ. ಉಸ್ತಾದರಿಗೆ ಓದು ಬಾರದು. ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಆಂಜನೇಯನ ಪಟದ ಹಿಂದೆ ಸಿಕ್ಕಿಸಿದರು. ಆಮೇಲೆ ಹಿತ್ತಾಳೆ ಚೊಂಬು ಎತ್ತಿ ನನ್ನ ಕೈಗೆ ಕೊಟ್ಟರು. ಮೊದಲು ನನಗೇ.

ಎಂಟು ತಿಂಗಳ ಅಭ್ಯಾಸ. ನನಗೆ ಗೊತ್ತಿಲ್ಲದ ಹಾಗೆ ಕೈ ಚೊಂಬನ್ನು ಮೇಲೆತ್ತಿತು, ತುಟಿಯಿಂದ ಒಂದು ಗೇಣು ದೂರ. ತುಂಬಿದ ಚೊಂಬಿನ ಹಾಲು ಮೂಗಿಗೂ ಕಣ್ಣಿಗೂ ಸುರಿಯಿತು.

ಬೆನ್ನ ಮೇಲೆ ಪಟಾರನೆ ಏಟು ಬಿತ್ತು. "ಎತ್ತಿ ಕುಡೀತೀಯಾ? ನನ್ನ ಗರಡೀಲಿ? ಕಚ್ಚಿ ಕುಡಿಯೋ ಬೋಳಿಮಗನೇ!"

ಕಚ್ಚಿ ಕುಡಿದೆ. ನಾಗರಾಜನಿಗೆ ದಾಟಿಸಲು ತಿರುಗಿದೆ. ಉಸ್ತಾದ್ ನಡುವೆಯೇ ಕೈಹಾಕಿ ಚೊಂಬು ಕಿತ್ತುಕೊಂಡರು. ಕಿಟಕಿಯ ಬೆಳಕಿಗೆ ಹಿಡಿದು, ನನ್ನ ತುಟಿ ತಾಗಿದ ಜಾಗ ಯಾವುದು ಎಂದು ಹುಡುಕಿ, ಆ ಅಂಚು ತಮ್ಮ ಕಡೆ ಬರುವ ಹಾಗೆ ಚೊಂಬನ್ನು ನಿಧಾನವಾಗಿ ತಿರುಗಿಸಿ, ಅಲ್ಲೇ ಬಾಯಿಟ್ಟು ಕುಡಿದರು.